ವಿದ್ಯುತ್ ಮೋಟಾರು ವಾಹನಗಳೂ ವಿದ್ಯುತ್ ಹಂಚಿಕೆಯ ವ್ಯವಸ್ಥೆಯೂ

ವಿದ್ಯುಚ್ಛಕ್ತಿಯಿಂದ ಓಡುವ ಮೋಟಾರು ವಾಹನಗಳು ನಮ್ಮ ನಗರಗಳ ಬೀದಿಗಳಲ್ಲಿ ಇಂದು ಅಪೂರ್ವವಾಗಿ ಉಳಿದಿಲ್ಲ. ಇವುಗಳ ವಿಷಯದಲ್ಲಿ ವಿದ್ಯಾವಂತರಿಗೂ ಒಂದು ಸಂದೇಹವುಂಟು: ಎಲ್ಲರೂ ಪೆಟ್ರೋಲನ್ನು ತೊರೆದರೆ ಅಷ್ಟು ವಿದ್ಯುತ್ತನ್ನು ತರುವುದು ಎಲ್ಲಿಂದ? ಪ್ರಶ್ನೆ ಸಹಜವಾದುದೇ. ಆದರೆ ಲೆಕ್ಕಹಾಕಿ ನೋಡಿದರೆ ತೊಡಕಿರುವ ಸ್ಥಳವೇ ಬೇರೆಯೆಂದು ಕಂಡುಬರುತ್ತದೆ. ಎಷ್ಟು ವಿದ್ಯುತ್ತು ಬೇಕೆಂಬುದಕ್ಕಿಂತ, ಅದು ಯಾವ ಹೊತ್ತಿನಲ್ಲಿ, ಯಾವ ತಂತಿಯ ಮೂಲಕ ಬೇಕೆಂಬುದೇ ಇಲ್ಲಿ ಮುಖ್ಯವಾದ ಅಂಶ. ಇದನ್ನು ಕರ್ನಾಟಕದ, ವಿಶೇಷವಾಗಿ ಬೆಂಗಳೂರಿನ ಸಂದರ್ಭದಲ್ಲಿ ವಿವರಿಸುವುದು ಈ ಲೇಖನದ ಉದ್ದೇಶ.

ವಿದ್ಯುತ್ ಕಾರು ಹೊಸ ಕಲ್ಪನೆಯೇನೂ ಅಲ್ಲ. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ನಗರಗಳಲ್ಲಿ ಅದು ಸಾಕಷ್ಟು ಬಳಕೆಯಲ್ಲಿತ್ತು. ಮುಂದೆ ಅದು ಮರೆಯಾದುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಊರಾಚೆಗೆ ವಿದ್ಯುತ್ತಿನ ತಂತಿ ಇಲ್ಲದಿದ್ದುದು. ಪೆಟ್ರೋಲನ್ನು ಡಬ್ಬಿಯಲ್ಲಿ ಹೊತ್ತು ಎಲ್ಲಿಗಾದರೂ ಒಯ್ಯಬಹುದಾಗಿತ್ತು. ವಿದ್ಯುತ್ತಿಗೆ ಆ ಸೌಕರ್ಯವಿರಲಿಲ್ಲ. ನಮ್ಮ ನಾಡಿನಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನೂ ಮುಟ್ಟಿತು. ಸುಮಾರು ಒಂದು ಶತಮಾನ ಕಳೆದ ಮೇಲೆ, 2001ರಲ್ಲಿ, ಇದೇ ನಗರದಲ್ಲಿ ತಯಾರಾದ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು ಮಾರಾಟಕ್ಕೆ ಬಂದಿತು. ಸೀಸದ ಬ್ಯಾಟರಿಗಳಿಂದ ಓಡುತ್ತಿದ್ದ ಅದಕ್ಕೆ ಮನೆಯ 15 ಆಂಪಿಯರ್ ಪ್ಲಗ್ಗೇ ಸಾಕಾಗಿತ್ತು. ಅಂಥ ಕಾರುಗಳು ಬೆರಳೆಣಿಕೆಯಷ್ಟಿದ್ದಾಗ ಹಂಚಿಕೆಯ ಪ್ರಶ್ನೆಯೇ ಏಳಲಿಲ್ಲ. ಈಗ ಅದು ಎದ್ದಿದೆ.

ಮೊದಲು ಒಟ್ಟು ಮೊತ್ತವನ್ನು ಪರಿಶೀಲಿಸೋಣ. ಒಂದು ಸಾಧಾರಣ ವಿದ್ಯುತ್ ಕಾರು ಒಂದು ಯೂನಿಟ್ಟಿಗೆ 6 ಕಿಲೋಮೀಟರ್ ಓಡುವುದೆಂದೂ ದಿನಕ್ಕೆ 36 ಕಿಲೋಮೀಟರ್ ಸಂಚರಿಸುವುದೆಂದೂ ಇಟ್ಟುಕೊಳ್ಳೋಣ. ಆಗ ಅದಕ್ಕೆ ದಿನಕ್ಕೆ 6 ಯೂನಿಟ್, ವರ್ಷಕ್ಕೆ 2,190 ಯೂನಿಟ್ ಬೇಕು. ಇಂಥ 10 ಲಕ್ಷ ಕಾರುಗಳಿಗೆ ವರ್ಷಕ್ಕೆ 219 ಕೋಟಿ ಯೂನಿಟ್. ತುಮಕೂರು ಜಿಲ್ಲೆಯ ಪಾವಗಡದ ಸೌರ ವಿದ್ಯುತ್ ಸ್ಥಾವರದ ಸಾಮರ್ಥ್ಯ 2,050 ಮೆಗಾವಾಟ್. ರಾತ್ರಿಯನ್ನೂ ಮೋಡವನ್ನೂ ಗಣಿಸಿ, ವರ್ಷದ ಸರಾಸರಿಯಲ್ಲಿ ಅದರ ಐದರಲ್ಲೊಂದು ಭಾಗ ಮಾತ್ರ ದೊರೆಯುವುದೆಂದು ಭಾವಿಸಿದರೂ ಸುಮಾರು 359 ಕೋಟಿ ಯೂನಿಟ್ ಆಗುತ್ತದೆ. ಅಂದರೆ 10 ಲಕ್ಷ ಕಾರುಗಳ ವಾರ್ಷಿಕ ಅಗತ್ಯವು ಆ ಒಂದು ಸ್ಥಾವರದ ಉತ್ಪನ್ನದ ಐದರಲ್ಲಿ ಮೂರು ಭಾಗಕ್ಕೆ ಸಮ. ಇದು ಅಲ್ಪವಲ್ಲ; ಆದರೆ ಅಸಾಧ್ಯವೂ ಅಲ್ಲ.

ಹಾಗಾದರೆ ತೊಡಕು ಎಲ್ಲಿದೆ? ಶಕ್ತಿಯ ಮೊತ್ತ ಬೇರೆ, ಅದು ಹರಿಯುವ ವೇಗ ಬೇರೆ ಎಂಬ ಭೌತವಿಜ್ಞಾನದ ಪ್ರಥಮ ಪಾಠವನ್ನು ಇಲ್ಲಿ ನೆನೆಯಬೇಕು. ಮೊದಲನೆಯದನ್ನು ಯೂನಿಟ್ಟುಗಳಲ್ಲಿಯೂ ಎರಡನೆಯದನ್ನು ಕಿಲೋವಾಟ್‌ಗಳಲ್ಲಿಯೂ ಅಳೆಯುತ್ತೇವೆ. ಕೆರೆ ತುಂಬಿದ್ದರೂ ತೂಬು ಕಿರಿದಾದರೆ ಗದ್ದೆಗಳಿಗೆಲ್ಲ ಒಮ್ಮೆಗೇ ನೀರು ಹರಿಯಲಾರದು. ವಿದ್ಯುತ್ತಿನ ತೂಬು ಎಂದರೆ ನಮ್ಮ ಬೀದಿಯ ಕೊನೆಯಲ್ಲಿರುವ ಟ್ರಾನ್ಸ್‌ಫಾರ್ಮರು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. 100 ಮನೆಗಳ ಒಂದು ಬಡಾವಣೆಗೆ 250 ಕಿಲೋವೋಲ್ಟ್-ಆಂಪಿಯರ್ ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಇದೆ. 40 ಮನೆಗಳಲ್ಲಿ ವಿದ್ಯುತ್ ಕಾರುಗಳಿವೆ. ಎಲ್ಲರೂ ಸಂಜೆ 7 ಗಂಟೆಗೆ ಮನೆಗೆ ಬಂದು, 7.4 ಕಿಲೋವಾಟ್‌ನ ಚಾರ್ಜರುಗಳನ್ನು ಒಟ್ಟಿಗೆ ಹಚ್ಚುತ್ತಾರೆ. ಕಾರುಗಳ ಹೊರೆಯೇ 296 ಕಿಲೋವಾಟ್ ಆಯಿತು. ದೀಪ, ಫ್ಯಾನು, ಅಡುಗೆಮನೆಯ ಯಂತ್ರಗಳ ಹೊರೆ ಇದರ ಮೇಲೆ. ಟ್ರಾನ್ಸ್‌ಫಾರ್ಮರಿನ ಸುರುಳಿಗಳಲ್ಲಿ ಹುಟ್ಟುವ ಶಾಖವು ವಿದ್ಯುತ್ಪ್ರವಾಹದ ವರ್ಗಕ್ಕೆ ಅನುಗುಣವಾದುದು. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ. ಒಳಗಿನ ನಿರೋಧಕ ಕಾಗದವೂ ಎಣ್ಣೆಯೂ ಬೇಗ ಕೆಡುತ್ತವೆ. ತಂತಿಯ ಕೊನೆಯಲ್ಲಿರುವ ಮನೆಗಳಲ್ಲಿ ವೋಲ್ಟೇಜು ಕುಸಿಯುತ್ತದೆ. ಕಾರಿಲ್ಲದವನ ಮನೆಯ ದೀಪವೂ ಮಂಕಾಗುತ್ತದೆಂಬುದನ್ನು ಗಮನಿಸಬೇಕು.

ಆದರೆ ಆ 40 ಕಾರುಗಳಿಗೆ ನಿಜವಾಗಿ ಬೇಕಾದುದು ದಿನಕ್ಕೆ 240 ಯೂನಿಟ್ ಮಾತ್ರ. ಒಂದೊಂದು ಕಾರಿಗೂ ಒಂದು ಗಂಟೆಗಿಂತ ಕಡಮೆ ಅವಧಿ ಸಾಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ, ಗಂಟೆಗೆ 5 ಕಾರುಗಳಂತೆ ಸರದಿಯನ್ನು ಏರ್ಪಡಿಸಿದರೆ, ಹೊರೆ 37 ಕಿಲೋವಾಟ್‌ಗಳನ್ನು ಮೀರುವುದಿಲ್ಲ. ಅದೇ ಕಾರುಗಳು, ಅದೇ ತಂತಿ. ಹೊರೆ ಮಾತ್ರ ಎಂಟರಲ್ಲೊಂದು ಭಾಗ. ನಮ್ಮ ಹಳ್ಳಿಗಳಲ್ಲಿ ನೀರಗಂಟಿಯು ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದುದು ಇದೇ ತತ್ತ್ವದ ಮೇಲೆ. ಇಂದು ಆ ಕೆಲಸವನ್ನು ಗಡಿಯಾರವುಳ್ಳ ಚಾರ್ಜರೂ ಹೊತ್ತಿಗೆ ತಕ್ಕ ದರವನ್ನು ಲೆಕ್ಕವಿಡುವ ಮೀಟರೂ ಮಾಡಬಲ್ಲವು. ಕೇಂದ್ರ ಸರ್ಕಾರವು 2023ರಲ್ಲಿ ತಿದ್ದಿದ ನಿಯಮಗಳು ಬಿಸಿಲಿನ ಗಂಟೆಗಳಲ್ಲಿ ದರವು ಶೇಕಡ 20ರಷ್ಟಾದರೂ ಕಡಮೆಯಿರಬೇಕೆಂದು ವಿಧಿಸಿರುವುದು ಈ ದಿಕ್ಕಿನ ಹೆಜ್ಜೆಯೇ.

ಬಿಸಿಲಿನ ಗಂಟೆಗಳ ಮಾತಿಗೆ ಇನ್ನೂ ಒಂದು ಅರ್ಥವುಂಟು. ರಾತ್ರಿಯ ಸರದಿಯಿಂದ ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ, ನಿಜ. ಆದರೆ ಸೂರ್ಯಾಸ್ತದ ಅನಂತರ ಪಾವಗಡದಿಂದ ಬರುವುದು ಏನೂ ಇಲ್ಲ. ಆಗಿನ ವಿದ್ಯುತ್ತು ಬಹುಮಟ್ಟಿಗೆ ಕಲ್ಲಿದ್ದಲಿನಿಂದ ಅಥವಾ ಶರಾವತಿಯಂಥ ಜಲಾಶಯಗಳಿಂದ ಬರಬೇಕು. ಸೌರಶಕ್ತಿ ಯಥೇಚ್ಛವಾಗಿರುವ ಮಧ್ಯಾಹ್ನದಲ್ಲಿ ಕಾರುಗಳು ನಿಂತಿರುವುದು ಕಛೇರಿ, ಕಾರ್ಖಾನೆ, ಕಾಲೇಜುಗಳ ಆವರಣದಲ್ಲಿ. ಆದುದರಿಂದ ಚಾರ್ಜು ಮಾಡುವ ಸೌಕರ್ಯ ಮನೆಗಿಂತ ಹೆಚ್ಚಾಗಿ ಈ ಸ್ಥಳಗಳಲ್ಲಿ ಬೆಳೆಯುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ಇಲ್ಲಿ ನಾರ್ವೆ ದೇಶದ ನಿದರ್ಶನವನ್ನು ಎತ್ತುವವರುಂಟು. 2024ರಲ್ಲಿ ಅಲ್ಲಿ ಮಾರಾಟವಾದ ಪ್ರತಿ 100 ಹೊಸ ಕಾರುಗಳಲ್ಲಿ ಸುಮಾರು 89 ಪೂರ್ಣ ವಿದ್ಯುತ್ ಕಾರುಗಳು; ಆದರೂ ಆ ದೇಶದ ವಿದ್ಯುತ್ ವ್ಯವಸ್ಥೆ ಕುಸಿಯಲಿಲ್ಲ. ಆದರೆ ಚಳಿಯ ಆ ನಾಡಿನಲ್ಲಿ ಮನೆಗಳನ್ನು ಬೆಚ್ಚಗಿಡುವುದಕ್ಕೇ ಬಹುಕಾಲದಿಂದ ವಿದ್ಯುತ್ತನ್ನು ಬಳಸುತ್ತಿರುವುದರಿಂದ ಮನೆಮನೆಗೂ ಬಲವಾದ ತಂತಿ ಮೊದಲೇ ಇತ್ತು. ಅಲ್ಲಿನ ವಿದ್ಯುತ್ತಿನ ಬಹುಭಾಗವೂ ಜಲಮೂಲದ್ದು, ಬೇಕಾದಾಗ ಹರಿಸಿಕೊಳ್ಳಬಹುದು. ಜನರಲ್ಲಿ ಬಹುಮಂದಿಗೆ ಮನೆಯಲ್ಲಿಯೇ ಚಾರ್ಜು ಮಾಡುವ ಅನುಕೂಲವೂ ಇದೆ. ಈ ಮೂರು ಅನುಕೂಲಗಳೂ ಬೆಂಗಳೂರಿಗೆ ಒಟ್ಟಾಗಿ ದೊರೆತಿಲ್ಲ.

ಕೊನೆಯ ಅಂಶ ನ್ಯಾಯಕ್ಕೆ ಸಂಬಂಧಿಸಿದುದು. ನಗರದಲ್ಲಿ ನೋಂದಾಯಿತ ವಾಹನಗಳು ಒಂದು ಕೋಟಿಯನ್ನು ಮೀರಿವೆ. ಅವುಗಳಲ್ಲಿ ಹೆಚ್ಚಿನವು ದ್ವಿಚಕ್ರ ವಾಹನಗಳು. ಅವುಗಳ ಒಡೆಯರಲ್ಲಿ ಅನೇಕರು ಬಾಡಿಗೆ ಮನೆಗಳಲ್ಲಿರುವವರು. ವಾಹನವನ್ನು ಬೀದಿಯಲ್ಲಿ ನಿಲ್ಲಿಸುವವರು. ಸ್ವಂತ ಗ್ಯಾರೇಜು ಉಳ್ಳವನು ಮನೆಯ ದರದಲ್ಲಿ ಬ್ಯಾಟರಿ ತುಂಬಿಸಿಕೊಂಡರೆ, ಆಟೋರಿಕ್ಷಾ ಓಡಿಸುವವನು ಸಾರ್ವಜನಿಕ ಕೇಂದ್ರದಲ್ಲಿ ಕಾದು, ಹೆಚ್ಚು ತೆತ್ತು ತುಂಬಿಸಿಕೊಳ್ಳಬೇಕಾಗಬಹುದು. ಕರ್ನಾಟಕವು 2017ರಲ್ಲಿಯೇ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿತು. ಚಾರ್ಜಿಂಗ್ ಕೇಂದ್ರ ನಡೆಸಲು ವಿದ್ಯುತ್ ಮಾರಾಟದ ಪರವಾನಗಿ ಬೇಕಿಲ್ಲವೆಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲಿ ಸ್ಪಷ್ಟಪಡಿಸಿತು. ಕೇಂದ್ರಗಳ ಸಂಖ್ಯೆ ಹೆಚ್ಚುತ್ತಿರುವುದು ಸಂತೋಷದ ವಿಷಯ. ಆದರೆ ಸಂಖ್ಯೆಯನ್ನು ಮಾತ್ರ ಎಣಿಸಿದರೆ ಸಾಲದು. ಅವು ಯಾರ ಮನೆಯ ಹತ್ತಿರ ಇವೆ, ಯಾವ ಹೊತ್ತಿನಲ್ಲಿ ಉಪಯೋಗಕ್ಕೆ ಬರುತ್ತವೆ ಎಂಬುದನ್ನೂ ಕೇಳಬೇಕು.

ವ್ಯವಸ್ಥೆಯು ವಾಹನಗಳ ಜೊತೆಗೆ ಹೆಜ್ಜೆ ಹಾಕಬಲ್ಲುದೆ ಎಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟು: ಸರದಿಯನ್ನು ಕಲಿತರೆ ಬಲ್ಲುದು, ಎಲ್ಲರೂ ಸಂಜೆ ಏಳಕ್ಕೇ ಪ್ಲಗ್ಗು ಹಚ್ಚಿದರೆ, ಇನ್ನೊಂದು ಪಾವಗಡವನ್ನು ಕಟ್ಟಿದರೂ ಆ ಬೀದಿಯ ಟ್ರಾನ್ಸ್‌ಫಾರ್ಮರ್ ಉಳಿಯದು. ನಮ್ಮ ವಿದ್ಯಾರ್ಥಿಗಳು ತಮ್ಮ ಕಾಲೇಜಿನ ವಿದ್ಯುತ್ ಹೊರೆಯನ್ನು ಗಂಟೆಗಂಟೆಗೆ ಗುರುತಿಸಿ ಒಂದು ದಿನದ ನಕ್ಷೆಯನ್ನು ಬರೆದು ನೋಡಲಿ. ಆವರಣದಲ್ಲಿ ಎಷ್ಟು ವಾಹನಗಳಿಗೆ, ಯಾವ ಹೊತ್ತಿನಲ್ಲಿ ಎಡೆಯಿದೆಯೆಂಬುದು ಆ ನಕ್ಷೆಯಿಂದಲೇ ತಿಳಿಯುತ್ತದೆ.