ಒಂದು ಪಾಠ, ಹಲವು ಪ್ರತಿಗಳು: ವಿಕೇಂದ್ರಿತ ಸಂಗ್ರಹಗಳಲ್ಲಿ ಓದುವ ಕೋರಿಕೆಗಳ ಹಂಚಿಕೆ

ಅಶೋಕನು ಒಂದೇ ಶಾಸನವನ್ನು ಹಲವು ಬಂಡೆಗಳ ಮೇಲೆ ಬರೆಯಿಸಿದನೆಂಬುದು ವಿದ್ವಾಂಸರಿಗೆ ವಿದಿತವಾದ ವಿಷಯ. ಅವನ ಕಿರುಶಿಲಾಶಾಸನದ ಪ್ರತಿಗಳು ಬ್ರಹ್ಮಗಿರಿ, ಮಸ್ಕಿ ಮೊದಲಾದೆಡೆಗಳಲ್ಲಿಯೂ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ದೊರೆತಿವೆ. ಓದುವವನು ಸಮೀಪದ ಬಂಡೆಗೆ ಹೋದರೆ ಸಾಕು. ಒಂದರಲ್ಲಿ ಸವೆದ ಅಕ್ಷರ ಮತ್ತೊಂದರಲ್ಲಿ ಉಳಿದಿರಬಹುದು. ಆದರೆ ಪ್ರತಿಗಳೆಲ್ಲವೂ ಸಮಾನವಲ್ಲ. ಬಿ. ಎಲ್. ರೈಸರು 1892ರಲ್ಲಿ ಕಂಡ ಬ್ರಹ್ಮಗಿರಿಯ ಪ್ರತಿಯಲ್ಲಿ ‘ದೇವಾನಾಂಪ್ರಿಯ’ನೆಂಬ ಬಿರುದು ಮಾತ್ರವಿದೆ, ಅಶೋಕನೆಂಬ ಹೆಸರು ಕಂಡುಬಂದುದು 1915ರಲ್ಲಿ ದೊರೆತ ಮಸ್ಕಿಯ ಪ್ರತಿಯಲ್ಲಿ. ನಿಟ್ಟೂರು, ಉಡೇಗೋಳಗಳ ಪ್ರತಿಗಳಲ್ಲಿಯೂ ಆ ಹೆಸರಿದೆ. ಓದಿದ ಪ್ರತಿ ಯಾವುದೆಂಬುದನ್ನವಲಂಬಿಸಿಯೇ ದೊರೆಯುವ ತಿಳಿವು ನಿಂತಿದೆ.

ಇಂದಿನ ಗಣಕಯಂತ್ರಗಳ ಸಂಗ್ರಹದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಕುರುಗೋಡಿನ ಸಿಂದರ ಶಾಸನಗಳ ಪಾಠಸಂಗ್ರಹವೊಂದನ್ನು ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಮೂರು ಸರ್ವರುಗಳಲ್ಲಿ ಇರಿಸಿದೆಯೆಂದೂ, ಅವುಗಳನ್ನು ಆಳುವ ಕೇಂದ್ರ ಬೇರೊಂದಿಲ್ಲವೆಂದೂ ಉದಾಹರಣೆಗಾಗಿ ಊಹಿಸಬಹುದು. ಓದುಗರ ಕೋರಿಕೆಗಳನ್ನು ಇವುಗಳಿಗೆ ಹಂಚುವ ಬಗೆಗಳು ಮುಖ್ಯವಾಗಿ ಮೂರು. ಮೊದಲನೆಯದು ಸರದಿ. ಎರಡನೆಯದು ಸಾಮೀಪ್ಯ, ಇಲ್ಲಿ ಅದು ಹರದಾರಿಯ ಲೆಕ್ಕವಲ್ಲ, ಉತ್ತರ ಬರಲು ಹಿಡಿಯುವ ಕಾಲದ ಲೆಕ್ಕ. ಮೂರನೆಯದು ಭಾರ. ಎಲ್ಲರೂ ಏಕಕಾಲದಲ್ಲಿ ಅತಿ ಕಡಿಮೆ ಭಾರದ ಸರ್ವರನ್ನೇ ಅರಸಿದರೆ ಅದೇ ಕ್ಷಣದಲ್ಲಿ ಕುಸಿದೀತು. ಆದಕಾರಣ ಯಾವುವಾದರೂ ಎರಡನ್ನು ಆಯ್ದು, ಅವುಗಳಲ್ಲಿ ಹಗುರವಾದುದಕ್ಕೆ ಕೋರಿಕೆಯನ್ನು ಕಳುಹಿಸುವ ಕ್ರಮವುಂಟು.

ಇಷ್ಟರಿಂದ ಭಾರ ಹಂಚಿಹೋಗುವುದೇ ಹೊರತು ಪಾಠ ಶುದ್ಧವಾಗುವುದಿಲ್ಲ. ಸಂಪಾದಕರು ಒಂದು ಪದವನ್ನು ತಿದ್ದಿದರೆನ್ನೋಣ. ತಿದ್ದುಪಡಿ ಬಳ್ಳಾರಿ, ಸಿರುಗುಪ್ಪಗಳನ್ನು ಮುಟ್ಟಿತು, ತಂತಿ ಕಡಿದುದರಿಂದ ಕುರುಗೋಡನ್ನು ಮುಟ್ಟಲಿಲ್ಲ. ಕುರುಗೋಡಿನ ಪ್ರತಿಯೊಂದನ್ನೇ ಓದಿದವನಿಗೆ ಹಳೆಯ ತಪ್ಪೇ ಪ್ರಮಾಣವಾಗುತ್ತದೆ. ಇದಕ್ಕೆ ಪರಿಹಾರವಾಗಿ ಡೇವಿಡ್ ಗಿಫರ್ಡರು 1979ರಲ್ಲಿ ಮತಗಣನೆಯ ಸೂತ್ರವನ್ನು ನಿರೂಪಿಸಿದರು. ಮೂರರಲ್ಲಿ ಎರಡು ಸರ್ವರುಗಳು ಒಪ್ಪಿದ ಮೇಲೆಯೇ ತಿದ್ದುಪಡಿ ಸಿದ್ಧವಾದಂತೆ; ಓದುವಾಗಲೂ ಎರಡನ್ನು ಕೇಳಬೇಕು. ಎರಡೂ ಎರಡೂ ಕೂಡಿದರೆ ನಾಲ್ಕು, ಅದು ಮೂರಕ್ಕಿಂತ ಹೆಚ್ಚು. ಆದ್ದರಿಂದ ಕೇಳಿದ ಎರಡರಲ್ಲಿ ಒಂದಾದರೂ ಹೊಸ ಪಾಠವನ್ನು ಬಲ್ಲುದಾಗಿರಲೇಬೇಕು. ಆವೃತ್ತಿಯ ಸಂಖ್ಯೆ ಯಾವುದರಲ್ಲಿ ಹೆಚ್ಚೋ ಆ ಉತ್ತರವೇ ಗ್ರಾಹ್ಯ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ಒಂದು ಓದು ಎರಡಾಗುತ್ತದೆ, ಎರಡು ಸರ್ವರುಗಳು ನಿಂತರೆ ಓದೇ ನಿಲ್ಲುತ್ತದೆ. ಎಂದೂ ಬದಲಾಗದ ಶಾಸನದ ಅಚ್ಚಿಗೆ ಒಂದು ಪ್ರತಿಯ ಓದು ಸಾಕು. ತಿದ್ದುಪಡಿಗೊಳಗಾಗುವ ಪಾಠಕ್ಕೆ ಎರಡರ ಸಾಕ್ಷ್ಯ ಬೇಕು. ಹಲವು ಪ್ರತಿಗಳನ್ನು ಹೋಲಿಸದೆ ಪಾಠವನ್ನು ನಿರ್ಣಯಿಸಬಾರದೆಂಬ ಗ್ರಂಥಸಂಪಾದನೆಯ ನಿಯಮವು ಯಂತ್ರಕ್ಕೂ ಸಲ್ಲುತ್ತದೆ.