ಕೆಳದಿಯ ತೋಟಕ್ಕೆ ದ್ರಾಕ್ಷಿ ನಾಡಿನ ಮದ್ದು

ಮುಂಗಾರು ಕಾಲಿಡುವ ಹೊತ್ತಿಗೆ ಸಾಗರ ಪೇಟೆ ದಾಟಿ ಕೆಳದಿಗೆ ಬಂದರೆ ತೋಟದ ದಾರಿಗಳಲ್ಲಿ ತಿಳಿನೀಲಿ ದ್ರಾವಣ ತುಂಬಿದ ಡ್ರಮ್ಮುಗಳು ಕಾಣುತ್ತವೆ. ಪಕ್ಕದಲ್ಲಿ ಸುಣ್ಣ, ಮೈಲುತುತ್ತದ ಚೀಲ. ಅಡಿಕೆಗೆ ಮದ್ದು ಹೊಡೆಯುವ ದಿನಗಳಿವು.

ಕೆಳದಿ ಎಂದೊಡನೆ ವೀರಭದ್ರ ಗುಡಿಯ ಗಂಡಭೇರುಂಡ, ಚೆನ್ನಮ್ಮರಾಣಿ ನೆನಪಾಗುತ್ತಾರೆ. ಆ ರಾಜ್ಯವನ್ನು ಸಾಕಿದ್ದರಲ್ಲಿ ಈ ತೋಟಗಳ ಪಾಲೂ ದೊಡ್ಡದು. ಇಲ್ಲಿನ ಕಾಳುಮೆಣಸು ಘಟ್ಟ ಇಳಿದು ಹಡಗು ಹತ್ತುತ್ತಿತ್ತು. 1623ರಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಆ ರಾಜ್ಯದ ಅಂದಿನ ರಾಜಧಾನಿ ಇಕ್ಕೇರಿಗೆ ಬಂದು ಅರಸ ವೆಂಕಟಪ್ಪ ನಾಯಕನನ್ನು ಕಂಡಿದ್ದ.

ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ತೋಟ, ಮೇಲೆ ಸೊಪ್ಪಿನ ಬೆಟ್ಟ, ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಬೇಸಿಗೆಯಲ್ಲೂ ತಂಪು ಕಾಯುವ ಈ ತಗ್ಗೇ ಮಳೆಗಾಲದಲ್ಲಿ ಕೊಳೆರೋಗದ ಮನೆ. ಎಳೆಗಾಯಿಯ ಮೇಲೆ ಬಿಳಿ ಬೂಸ್ಟು ಹಿಡಿದರೆ ಕೆಲವೇ ದಿನಗಳಲ್ಲಿ ಬುಡದ ತುಂಬ ಕೊಳೆತ ಅಡಿಕೆ. ವರ್ಷದ ಅನ್ನವೇ ಉದುರಿದ ಹಾಗೆ.

ಹಿಂದಿನವರು ಪ್ರತಿ ಗೊನೆಗೂ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದರು. ಮರದಿಂದ ಮರಕ್ಕೆ ಎಷ್ಟು ದುಡಿತ! 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಬೆನ್ನು ಹತ್ತಿದರು. 1910ರಲ್ಲಿ ಅದರ ಬಗ್ಗೆ ವರದಿ ಪ್ರಕಟಿಸಿದರು. ಅವರು ಮಲೆನಾಡಿಗೆ ಕೊಟ್ಟ ಮದ್ದು ಬೋರ್ಡೋ ದ್ರಾವಣ. ಈ ಉಪಕಾರವನ್ನು ನಾವು ಇನ್ನಷ್ಟು ನೆನೆಯಬೇಕಿತ್ತು.

ಬೋರ್ಡೋ ಎಂದರೆ ಫ್ರಾನ್ಸಿನ ವೈನ್ ಸೀಮೆ. ಅಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರೈತರು ರಸ್ತೆಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜುತುಪ್ಪಟ ರೋಗ ತಗಲಿಲ್ಲವೆಂಬುದನ್ನು ಪ್ರಾಧ್ಯಾಪಕ ಮಿಲಾರ್ಡೆ ಗಮನಿಸಿ, 1885ರಲ್ಲಿ ಮದ್ದನ್ನು ಜಗತ್ತಿಗೆ ತಿಳಿಸಿದರು. ಎಟ್ನಾ ಜ್ವಾಲಾಮುಖಿಯ ಇಳಿಜಾರಿನಲ್ಲಿ, ಲಾವಾ ಸವೆದು ಪುಡಿಯಾಗಿ ಆದ ಕಪ್ಪು ಮಣ್ಣಿನಲ್ಲಿ ವೈನ್ ದ್ರಾಕ್ಷಿ ಬೆಳೆಯುವವರಿಗೂ ತಾಮ್ರದ ಮದ್ದೇ ಆಸರೆ. ದ್ರಾಕ್ಷಿಯ ಆ ರೋಗಾಣುವೂ ನಮ್ಮ ಕೊಳೆರೋಗದ್ದೂ ದೂರದ ದಾಯಾದಿಗಳು, ನೀರಿನಲ್ಲಿ ಈಜಿ ಹರಡುವ ಜಾತಿ. ಕಾಯಿಯ ಮೇಲೆ ತಾಮ್ರದ ತೆಳುಪದರ ಕೂತರೆ ಅಲ್ಲೇ ಸಾಯುತ್ತವೆ.

ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಬೇರೆಬೇರೆ ಕರಗಿಸಿ ಕೂಡಿಸಬೇಕು. ತಿಕ್ಕಿ ಹೊಳೆಯುವ ಕತ್ತಿಯನ್ನು ಅದ್ದಿ ನೋಡುತ್ತಾರೆ. ಅಲಗು ಕೆಂಪಗಾದರೆ ಸುಣ್ಣ ಸಾಲದು. ಮಳೆಗೆ ತೊಳೆದುಹೋಗದಂತೆ ರಾಳವನ್ನೂ ಬೆರೆಸುವುದುಂಟು.

ಹೊಡೆಯುವವರು ಕೊನೆಗೌಡರು. ಜಾರುವ ಮರ ಹತ್ತಿ, ಒಂದರಿಂದ ಇನ್ನೊಂದಕ್ಕೆ ಮೇಲೆಯೇ ದಾಟುವ ಅವರ ಕಸುಬಿನ ಮುಂದೆ ಯಾವ ಯಂತ್ರವೂ ದೊಡ್ಡದಲ್ಲ. ಅಂಥವರು ಈಗ ಕಡಿಮೆಯಾಗುತ್ತಿದ್ದಾರೆ. ಹಾಗಾಗಿ ನೆಲದಲ್ಲೇ ನಿಂತು ಹೊಡೆಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಕತ್ತೆತ್ತಿ ನಿಂತವರ ಮುಖಕ್ಕೇ ಮದ್ದು ಹನಿಯುತ್ತದೆ.

ಮೊದಲ ಮದ್ದಾಗಿ ನಲವತ್ತು, ನಲವತ್ತೈದು ದಿನಕ್ಕೆ ಎರಡನೆಯದು. ಆಗ ಪುನರ್ವಸು, ಪುಷ್ಯದ ಜಡಿಮಳೆ. ಮೋಡ ತುಸು ಹರಿದು ಬಿಸಿಲು ಇಣುಕಿತೆಂದರೆ, ಉಣ್ಣುತ್ತಿದ್ದವರೂ ಕೈ ತೊಳೆದು ತೋಟಕ್ಕೆ ಓಡುತ್ತಾರೆ.