ಹಳೆಯ ರೈಲುಹಾದಿ, ಹೊಸ ಗಿರಾಕಿ
ಅಲೆಘೇನಿ ಬೆಟ್ಟಸೀಮೆಯ ಸೈಕಲ್ ಮಾರ್ಗವು ಸಣ್ಣ ಊರುಗಳ ವರ್ತಕರಿಗೆ ಕಲಿಸಿದ ಪಾಠ

ಒಂದು ಊರಿನ ಮುಖ್ಯ ಉದ್ಯಮ ಮುಚ್ಚಿಹೋದಾಗ ಅಲ್ಲಿನ ವರ್ತಕರ ಮುಂದೆ ಉಳಿಯುವ ಪ್ರಶ್ನೆ ಒಂದೇ: ಇನ್ನು ಮುಂದೆ ಗಿರಾಕಿ ಎಲ್ಲಿಂದ ಬರಬೇಕು? ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನೈಋತ್ಯ ಭಾಗದ ಬೆಟ್ಟಸೀಮೆಯ ಊರುಗಳು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಈ ಪ್ರಶ್ನೆಯನ್ನು ಎದುರಿಸಿದವು. ಕಲ್ಲಿದ್ದಲು, ಕೋಕ್ ಮತ್ತು ಉಕ್ಕು ಈ ಮೂರನ್ನೇ ನಂಬಿ ಬೆಳೆದ ಪ್ರದೇಶವದು. ಪಿಟ್ಸ್‌ಬರ್ಗ್ ನಗರಕ್ಕೆ ಹೊಂದಿಕೊಂಡ ಪ್ರಸಿದ್ಧ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆ 1986ರಲ್ಲಿ ಬಾಗಿಲು ಮುಚ್ಚಿತು. ಅದೇ ವರ್ಷ, ಅಲ್ಲಿಂದ ಆಗ್ನೇಯಕ್ಕಿರುವ ಒಹೈಯೋಪೈಲ್ ಎಂಬ ಪುಟ್ಟ ಊರಿನ ಬಳಿ, ರೈಲು ಸಂಚಾರ ನಿಂತುಹೋಗಿದ್ದ ಹಾದಿಯ ಮೇಲೆ 9 ಮೈಲಿ ಉದ್ದದ ಸೈಕಲ್ ಮಾರ್ಗವೊಂದು ತೆರೆಯಿತು. ಅದು ಹಂತ ಹಂತವಾಗಿ ಬೆಳೆದು ಇಂದು ‘ಗ್ರೇಟ್ ಅಲೆಘೇನಿ ಪ್ಯಾಸೇಜ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಈ ಮಾರ್ಗದಿಂದ ಊರುಗಳ ವ್ಯಾಪಾರಕ್ಕೆ ದೊರೆತದ್ದೇನು, ಅದನ್ನು ಪಡೆಯಲು ವರ್ತಕರು ಮಾಡಬೇಕಾದದ್ದೇನು ಎಂಬುದು ಸಣ್ಣ ಉದ್ದಿಮೆದಾರರೆಲ್ಲರೂ ಗಮನಿಸತಕ್ಕ ವಿಷಯ.

ಮಾರ್ಗದ ಸ್ವರೂಪ

ಮೇರಿಲ್ಯಾಂಡ್ ರಾಜ್ಯದ ಕಂಬರ್‌ಲ್ಯಾಂಡ್‌ನಿಂದ ಪಿಟ್ಸ್‌ಬರ್ಗ್‌ವರೆಗೆ ಈ ಮಾರ್ಗದ ಉದ್ದ 150 ಮೈಲಿ, ಅಂದರೆ ಸುಮಾರು 240 ಕಿಲೋಮೀಟರು. ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಸವಾರರಿಂದ ಶುಲ್ಕವನ್ನೂ ಪಡೆಯುವುದಿಲ್ಲ. ಒಂದೇ ಕಣಿವೆಯಲ್ಲಿ ಪೈಪೋಟಿಯಿಂದ ಎರಡು ರೈಲುಹಾದಿಗಳು ನಿರ್ಮಾಣವಾಗಿದ್ದವು. ಕಂಪನಿಗಳು ಒಂದಾದ ಮೇಲೆ ಎರಡನೆಯದು ಅನಗತ್ಯವೆನಿಸಿ, ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆಯ ಹಾದಿಯಲ್ಲಿ 1975ರಲ್ಲಿ ಸಂಚಾರ ನಿಂತಿತು. ಬೇರೆ ಬೇರೆ ಊರುಗಳ ಸ್ವಯಂಸೇವಾ ಸಂಘಗಳು ತಮ್ಮ ತಮ್ಮ ಭಾಗವನ್ನು ಅಭಿವೃದ್ಧಿಪಡಿಸುತ್ತ ಬಂದು, 1995ರಲ್ಲಿ ಒಂದು ಒಕ್ಕೂಟವನ್ನು ಕಟ್ಟಿಕೊಂಡವು. ಪಿಟ್ಸ್‌ಬರ್ಗ್ ನಗರದ ಕೊನೆಯ ಕೊಂಡಿ ಸೇರಿದ್ದು 2013ರಲ್ಲಿ. ಮೊದಲ 9 ಮೈಲಿಯಿಂದ ಕೊನೆಯ ಮೈಲಿಯವರೆಗೆ 27 ವರ್ಷಗಳು ಬೇಕಾದವು.

ಬೆಟ್ಟದ ನಾಡಾದರೂ ಏರು ಬಹು ಸೌಮ್ಯ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಜಾರುವುದರಿಂದ ರೈಲು ಕಡಿದಾದ ಏರನ್ನು ಹತ್ತಲಾರದು. ಆದಕಾರಣ ರೈಲ್ವೆ ಎಂಜಿನಿಯರುಗಳು ಬೆಟ್ಟವನ್ನು ಕೊರೆದು, ಕಣಿವೆಗೆ ಸೇತುವೆ ಕಟ್ಟಿ ಹಾದಿಯನ್ನು ಸಮವಾಗಿಸಿದ್ದರು. ಆ ಶ್ರಮದ ಫಲ ಇಂದು ಸೈಕಲ್ ಸವಾರನಿಗೆ ಸಲ್ಲುತ್ತಿದೆ. ಮಾರ್ಗದ ಅತ್ಯುನ್ನತ ಸ್ಥಳ ಸಮುದ್ರಮಟ್ಟದಿಂದ 2,392 ಅಡಿ ಎತ್ತರದಲ್ಲಿದೆ. ಕಂಬರ್‌ಲ್ಯಾಂಡ್ ಕಡೆಯಿಂದ ಸುಮಾರು 38 ಕಿಲೋಮೀಟರಿನಲ್ಲಿ ಅದನ್ನು ಏರಬೇಕು. ಪಿಟ್ಸ್‌ಬರ್ಗ್ ಕಡೆಯಿಂದ ಅದೇ ಏರು 200 ಕಿಲೋಮೀಟರಿನಲ್ಲಿ ಹಂಚಿಹೋಗಿದೆ. 3,294 ಅಡಿ ಉದ್ದದ ಬಿಗ್ ಸ್ಯಾವೇಜ್ ಸುರಂಗ ಮತ್ತು 1,908 ಅಡಿ ಉದ್ದದ ಸ್ಯಾಲಿಸ್‌ಬರಿ ಸೇತುವೆ ಈ ಮಾರ್ಗದ ಪ್ರಮುಖ ಆಕರ್ಷಣೆಗಳು. ಏರು ಸೌಮ್ಯವಾದುದರಿಂದ ವೃದ್ಧರೂ ಮಕ್ಕಳೂ ಸಂಸಾರವಂದಿಗರೂ ಇಲ್ಲಿಗೆ ಬರಬಲ್ಲರು. ಗಿರಾಕಿಗಳ ವರ್ಗ ವಿಶಾಲವಾಗುವುದು ಇದರಿಂದಲೇ.

ಜಲ್ಲಿಯೇ ಏಕೆ?

ನಗರಗಳೊಳಗಿನ ಕೆಲವು ಭಾಗಗಳಿಗೆ ಡಾಂಬರು ಹಾಕಲಾಗಿದೆ. ಉಳಿದ ಬಹುಭಾಗಕ್ಕೆ ಪುಡಿಮಾಡಿದ ಸುಣ್ಣಕಲ್ಲಿನ ನುಣುಪು ಜಲ್ಲಿಯನ್ನು ಹಾಸಲಾಗಿದೆ. ಕಲ್ಲಿನ ಚೂರುಗಳ ನಡುವೆ ಅದರದೇ ಪುಡಿ ಸೇರಿ, ನೀರು ಬಿದ್ದು, ರೋಲರಿನಿಂದ ಒತ್ತಿದಾಗ ಗಟ್ಟಿಯಾದ ಮೇಲ್ಮೈ ಸಿದ್ಧವಾಗುತ್ತದೆ. ಹಾಸಲು ಡಾಂಬರಿಗಿಂತ ಖರ್ಚು ಕಡಿಮೆ. ಕೆಟ್ಟ ಕಡೆ ಅಷ್ಟನ್ನೇ ತೇಪೆ ಹಾಕಬಹುದು. ಕೆಳಗೆ ಹಳೆಯ ರೈಲುಹಾದಿಯ ಭದ್ರವಾದ ಅಡಿಪಾಯ ಮೊದಲೇ ಇದೆ. ಆದರೆ ಪಕ್ಕದ ಚರಂಡಿ ಕಟ್ಟಿಕೊಂಡರೆ ಒಂದೇ ಜೋರು ಮಳೆಗೆ ಜಲ್ಲಿ ಕೊಚ್ಚಿಹೋಗುತ್ತದೆ. ಆದುದರಿಂದ ಜಲ್ಲಿ ಮಾರ್ಗಕ್ಕೆ ಕಟ್ಟುವಾಗಿನ ಹಣಕ್ಕಿಂತ ಪ್ರತಿವರ್ಷದ ನಿರ್ವಹಣೆಯೇ ಮುಖ್ಯ.

ಸೈಕಲ್ ಸವಾರನೆಂಬ ಗಿರಾಕಿ

ಕಾರಿನಲ್ಲಿ ಬರುವ ಪ್ರವಾಸಿಗೂ ಸೈಕಲ್ ಸವಾರನಿಗೂ ವ್ಯಾಪಾರದ ದೃಷ್ಟಿಯಿಂದ ಬಹಳ ಅಂತರವಿದೆ. ಕಾರಿನವನು ಒಂದು ಊರು ಹಿಡಿಸದಿದ್ದರೆ ಅರ್ಧ ಗಂಟೆಯಲ್ಲಿ ಮುಂದಿನ ಪಟ್ಟಣಕ್ಕೆ ಹೋದಾನು. ದಣಿದ ಸವಾರನಿಗೆ ಆ ಅನುಕೂಲವಿಲ್ಲ. ಹಸಿವಾದಲ್ಲಿ ಉಣ್ಣಬೇಕು, ಕತ್ತಲಾದಲ್ಲಿ ತಂಗಬೇಕು. ಕಂಬರ್‌ಲ್ಯಾಂಡ್‌ನಿಂದ ಹೊರಟವನಿಗೆ ಸುಮಾರು 25 ಕಿಲೋಮೀಟರಿಗೆ ಫ್ರಾಸ್ಟ್‌ಬರ್ಗ್, 51ಕ್ಕೆ ಮೈಯರ್ಸ್‌ಡೇಲ್, 70ಕ್ಕೆ ರಾಕ್‌ವುಡ್, 99ಕ್ಕೆ ಕಾನ್‌ಫ್ಲುಯೆನ್ಸ್, 116ಕ್ಕೆ ಒಹೈಯೋಪೈಲ್, 143ಕ್ಕೆ ಕಾನೆಲ್ಸ್‌ವಿಲ್, 183ಕ್ಕೆ ವೆಸ್ಟ್ ನ್ಯೂಟನ್ ಸಿಗುತ್ತವೆ. ದಿನಕ್ಕೆ 50–60 ಕಿಲೋಮೀಟರು ಸಾಗುವವನಿಗೆ ಇವುಗಳಲ್ಲಿ ಒಂದೆರಡು ಊರುಗಳು ಊಟದ ತಾಣ, ಒಂದು ರಾತ್ರಿಯ ತಂಗುದಾಣ. ಎಲ್ಲಿ ಯಾವುದಕ್ಕೆ ಬೇಡಿಕೆ ಎಂಬುದನ್ನು ದೂರವೇ ಬಹುಮಟ್ಟಿಗೆ ನಿರ್ಧರಿಸುತ್ತದೆ.

ಅವನು ಭಾರವಾದ ವಸ್ತುವನ್ನು ಕೊಂಡೊಯ್ಯಲಾರ. ಆದಕಾರಣ ಅವನ ಹಣ ಊಟ, ಹಾಸಿಗೆ, ಪಂಕ್ಚರ್ ತಿದ್ದುವಿಕೆ, ಬಾಡಿಗೆ ಸೈಕಲ್, ಬಟ್ಟೆ ಒಗೆತ, ಸಾಮಾನನ್ನು ಮುಂದಿನ ಊರಿಗೆ ತಲುಪಿಸುವ ವಾಹನ ಇಂತಹ ಸೇವೆಗಳಿಗೆ ಹೋಗುತ್ತದೆ. ಮಳೆಯ ದಿನ ಜಲ್ಲಿಯ ಕೆಸರು ಸರಪಳಿಗೆ ಮೆತ್ತಿಕೊಳ್ಳುವುದರಿಂದ ಸೈಕಲ್ ತೊಳೆಯಲು ಒಂದು ನಲ್ಲಿ, ರಾತ್ರಿ ಭದ್ರವಾಗಿಡಲು ಬೀಗವಿರುವ ಒಂದು ಕೊಠಡಿ ಇರುವ ವಸತಿಗೃಹಕ್ಕೆ ಆದ್ಯತೆ ಸಿಗುವುದು ಸಹಜ.

ಅಂಕಿಅಂಶಗಳೇನು ಹೇಳುತ್ತವೆ?

2008ರ ಬಗೆಗಿನ ಸಮೀಕ್ಷೆಯ ಪ್ರಕಾರ ಮಾರ್ಗದ ಬಳಕೆದಾರರು ಆ ವರ್ಷ ನೇರವಾಗಿ ಮಾಡಿದ ಖರ್ಚು ಸುಮಾರು 4 ಕೋಟಿ ಡಾಲರು. ರಾತ್ರಿ ತಂಗುವವನು ದಿನಕ್ಕೆ ಸರಾಸರಿ 98 ಡಾಲರು ಖರ್ಚು ಮಾಡಿದರೆ, ಅಂದೇ ಬಂದು ಹಿಂದಿರುಗುವವನ ಖರ್ಚು 13 ಡಾಲರು ಮಾತ್ರ. 2019ರ ಬಗ್ಗೆ ನಡೆದ ಅಧ್ಯಯನವು ಒಟ್ಟು ಆರ್ಥಿಕ ಪರಿಣಾಮವನ್ನು 12 ಕೋಟಿ ಡಾಲರಿಗೂ ಮಿಗಿಲೆಂದು ಅಂದಾಜಿಸಿತು. ಇದರಲ್ಲಿ ಒಂದು ಖರ್ಚಿನಿಂದ ಹುಟ್ಟುವ ಮುಂದಿನ ವಹಿವಾಟೂ ಸೇರಿರುವುದರಿಂದ ಎರಡು ಮೊತ್ತಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ವರ್ತಕನಿಗೆ ಇವೆರಡಕ್ಕಿಂತ ಉಪಯುಕ್ತವಾದುದು 98 ಮತ್ತು 13ರ ನಡುವಣ ಅಂತರ. ಹಾದಿಯಲ್ಲಿ ಎಷ್ಟು ಮಂದಿ ಹಾದುಹೋದರು ಎಂಬುದಕ್ಕಿಂತ ಎಷ್ಟು ಮಂದಿ ಉಳಿದರು ಎಂಬುದೇ ಲೆಕ್ಕಕ್ಕೆ ಬರುವ ಸಂಗತಿ.

ಹಾದಿಯಿಂದ ಅಂಗಡಿಗೆ

ಹಾದಿ ಬಂದ ಮಾತ್ರಕ್ಕೆ ವ್ಯಾಪಾರ ಬರುವುದಿಲ್ಲ. ರೈಲುಹಾದಿಗಳು ಹೆಚ್ಚಾಗಿ ನದಿಯ ದಡದಲ್ಲಿ, ಊರಿನ ಅಂಚಿನಲ್ಲಿ ಹಾದುಹೋಗುತ್ತವೆ. ಪೇಟೆಯ ಬೀದಿ ಮೇಲೆಲ್ಲೋ ಇರುತ್ತದೆ. ಫ್ರಾಸ್ಟ್‌ಬರ್ಗ್‌ನಲ್ಲಿ ಮಾರ್ಗದಿಂದ ಪೇಟೆಗೆ ಕಡಿದಾದ ಏರನ್ನು ಹತ್ತಿ ಹೋಗಬೇಕು. ಮೇಲೆ ಏನಿದೆಯೆಂದು ತಿಳಿಯದ ಸವಾರನು ಆ ಶ್ರಮವನ್ನು ಏಕೆ ಪಟ್ಟಾನು? ಈ ಕೊರತೆಯನ್ನು ನೀಗಿಸಲು ‘ಪ್ರೋಗ್ರೆಸ್ ಫಂಡ್’ ಎಂಬ ಸಂಸ್ಥೆ 2007ರಲ್ಲಿ ‘ಟ್ರೇಲ್ ಟೌನ್’ ಕಾರ್ಯಕ್ರಮವನ್ನು ಆರಂಭಿಸಿತು. ಲಾಭದ ಉದ್ದೇಶವಿಲ್ಲದ ಈ ಸಂಸ್ಥೆ ಸಣ್ಣ ಉದ್ದಿಮೆಗಳಿಗೆ ಸಾಲ ನೀಡುತ್ತದೆ. ಮಾರ್ಗದ ಊರುಗಳನ್ನು ಒಂದೊಂದಾಗಿ ನೋಡದೆ ಒಂದೇ ಸರಪಳಿಯ ಕೊಂಡಿಗಳೆಂದು ಕಾಣುವುದು ಕಾರ್ಯಕ್ರಮದ ತಿರುಳು. ಮಾರ್ಗದಿಂದ ಪೇಟೆಗೆ ದಾರಿಫಲಕ, ಸೈಕಲ್ ನಿಲ್ಲಿಸುವ ಕಂಬಿ, ಕುಡಿಯುವ ನೀರು, ಸವಾರರು ಬರುವ ವೇಳೆಗೆ ತೆರೆದಿರುವ ಅಂಗಡಿ ಇವೆಲ್ಲ ಸಣ್ಣ ವಿಷಯಗಳಾಗಿ ಕಂಡರೂ ಗಿರಾಕಿ ಒಳಬರುವುದೂ ಮುಂದೆ ಸಾಗುವುದೂ ಇವುಗಳಿಂದಲೇ ತೀರ್ಮಾನವಾಗುತ್ತದೆ. ಸಂಜೆ ಐದಕ್ಕೆ ಊರು ತಲುಪಿದವನಿಗೆ ಬಾಗಿಲು ಮುಚ್ಚಿದ ಭೋಜನಗೃಹ ಕಂಡರೆ ಆ ನಷ್ಟ ಒಂದು ಅಂಗಡಿಯದಲ್ಲ. ಅವನು ಸ್ನೇಹಿತರಿಗೆ ಹೇಳುವ ಮಾತಿನಿಂದ ಇಡೀ ಊರಿಗೆ ನಷ್ಟ.

ಮಿತಿಗಳು

ಬಿಗ್ ಸ್ಯಾವೇಜ್ ಸುರಂಗವನ್ನು ಡಿಸೆಂಬರ್‌ನಿಂದ ಏಪ್ರಿಲ್ ಆರಂಭದವರೆಗೆ ಮುಚ್ಚಲಾಗುತ್ತದೆ. ಚಳಿಗಾಲದಲ್ಲಿ ದೂರದ ಸವಾರರು ವಿರಳ. ವರ್ಷದ ಕೆಲವು ತಿಂಗಳ ಆದಾಯದಿಂದ ಹನ್ನೆರಡು ತಿಂಗಳ ಬಾಡಿಗೆ, ಸಂಬಳ, ಸಾಲದ ಕಂತು ತೀರಿಸಬೇಕಾದ ಉದ್ದಿಮೆಯು ಸ್ಥಳೀಯ ಗಿರಾಕಿಯನ್ನು ಕಡೆಗಣಿಸಿ ಬಾಳಲಾರದು. ಸಾವಿರಾರು ಕಾರ್ಮಿಕರಿಗೆ ಕೆಲಸ ಕೊಟ್ಟಿದ್ದ ಉಕ್ಕಿನ ಕಾರ್ಖಾನೆಯ ಜಾಗವನ್ನು ವಸತಿಗೃಹ, ಕಾಫಿ ಅಂಗಡಿಗಳು ತುಂಬಬಲ್ಲವೆಂದು ಹೇಳುವುದೂ ಅತಿಶಯೋಕ್ತಿಯಾದೀತು. ಮಾರ್ಗವು ನೀಡಿದ್ದು ಹಳೆಯ ಸಂಪತ್ತನ್ನಲ್ಲ, ಅಂಗಡಿ ತೆರೆದಿಡಲು ಒಂದು ಕಾರಣವನ್ನು.

ಬಳಕೆಯಿಂದ ಬಿದ್ದುಹೋದ ಆಸ್ತಿಯನ್ನು ತುಂಡು ತುಂಡಾಗಿ ಮಾರದೆ ಅಖಂಡವಾಗಿ ಉಳಿಸಿಕೊಂಡದ್ದು, ಪಕ್ಕದ ಊರಿನ ವರ್ತಕನನ್ನು ಪ್ರತಿಸ್ಪರ್ಧಿಯೆನ್ನದೆ ಪಾಲುದಾರನೆಂದು ತಿಳಿದದ್ದು ಈ ಎರಡು ಸಂಗತಿಗಳು ಯಾವ ವ್ಯಾಪಾರಕ್ಕಾದರೂ ಅನ್ವಯಿಸುತ್ತವೆ. ಕಾನ್‌ಫ್ಲುಯೆನ್ಸ್‌ನಲ್ಲಿ ಒಳ್ಳೆಯ ಹಾಸಿಗೆ ದೊರೆಯುವುದೆಂಬ ಭರವಸೆಯಿದ್ದರೆ ಮಾತ್ರ ಸವಾರನು ಮೈಯರ್ಸ್‌ಡೇಲ್‌ನಲ್ಲಿ ನಿಶ್ಚಿಂತೆಯಿಂದ ಊಟಕ್ಕೆ ಕುಳಿತುಕೊಳ್ಳುತ್ತಾನೆ.